ಓಡುಬರಹವೂ ಅಚ್ಚಿನ ಮೊಳೆಯೂ: ಸೇಡಂ ಸೀಮೆಯ ಮೂರು ಕೈಬರಹಗಳನ್ನು ಕುರಿತು

ಅಚ್ಚಿನ ಅಕ್ಷರವು ಕೈಬರಹದ ಅನುಕರಣವಾಗಿ ಹುಟ್ಟಿತೆಂಬುದು ಮುದ್ರಣದ ಚರಿತ್ರೆಯನ್ನು ಬಲ್ಲವರಿಗೆ ಹೊಸ ಮಾತಲ್ಲ. ಆದರೆ ಯಾವ ಕೈಬರಹದ ಅನುಕರಣವೆಂಬ ಪ್ರಶ್ನೆಯನ್ನು ಕನ್ನಡದ ಮಟ್ಟಿಗೆ ನಾವು ಸಾಕಷ್ಟು ವಿಚಾರಿಸಿದಂತೆ ತೋರುವುದಿಲ್ಲ. ಒಂದು ಭಾಷೆಯಲ್ಲಿ ಬರೆವಣಿಗೆಯ ಕೈಗಳು ಹಲವಿರುತ್ತವೆ. ಕಾವ್ಯವನ್ನು ಪ್ರತಿಮಾಡುವ ಲಿಪಿಕಾರನ ಕೈ ಒಂದು. ದಿನದ ಜಮಾಖರ್ಚನ್ನು ಬರೆಯುವ ಶಾನುಭೋಗನ ಕೈ ಇನ್ನೊಂದು. ಮೊದಲನೆಯದು ಅಕ್ಷರಕ್ಕೊಮ್ಮೆ ನಿಲ್ಲುತ್ತದೆ. ಎರಡನೆಯದು ಸಾಲಿನ ಕೊನೆಯವರೆಗೆ ಓಡುತ್ತದೆ. ಕನ್ನಡದ ಮುದ್ರಣವು ನಿಲ್ಲುವ ಕೈಯನ್ನು ಆರಿಸಿಕೊಂಡಿತು. ಓಡುವ ಕೈಗೆ ಮೊಳೆಯನ್ನು ಎರೆಯಲಿಲ್ಲ. ಇದರಿಂದ ಉಂಟಾದ ಲಾಭವನ್ನು ನಾವೆಲ್ಲರೂ ದಿನದಿನವೂ ಅನುಭವಿಸುತ್ತಿದ್ದೇವೆ. ಅದರ ನಷ್ಟವೇನೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬಹುದಾಗಿದೆ.

ಈ ವಿಚಾರಕ್ಕೆ ಕಲಬುರಗಿ ಜಿಲ್ಲೆಯ ಪೂರ್ವಭಾಗವಾದ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯು ಒಳ್ಳೆಯ ನೆಲೆಯಾಗಿದೆ. ಇಂದು ಕೋಡ್ಲಾ, ವಾಡಿ, ಶಹಾಬಾದುಗಳ ಹೆಸರನ್ನು ಕೇಳಿದವರಿಗೆ ಸುಣ್ಣಕಲ್ಲೂ ಸಿಮೆಂಟಿನ ಕಾರ್ಖಾನೆಗಳೂ ನೆನಪಿಗೆ ಬರುವುವು. ಆದರೆ ಕನ್ನಡ ಕಲ್ಲಿನ ಮೇಲೆ, ಮರಾಠಿಯ ಮೋಡಿ ಕಾಗದದ ಮೇಲೆ, ಉರ್ದುವಿನ ನಸ್ತಾಲೀಖು ಸರಕಾರದ ದಫ್ತರಗಳಲ್ಲಿ, ಹೀಗೆ ಮೂರು ಕೈಗಳು ಒಂದೇ ನೆಲದಲ್ಲಿ ಬರೆದ ಸೀಮೆಯಿದು. ಮುದ್ರಣದೊಡನೆ ಈ ಮೂರಕ್ಕೂ ಉಂಟಾದ ಸಂಬಂಧ ಒಂದೇ ಬಗೆಯದಲ್ಲ.

ಮೊದಲು ಕಲ್ಲಿನ ಮಾತು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವೆಂಬುದು ಸುವಿದಿತ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಸಾವಿರ ವರ್ಷಗಳ ಮೇಲೆ ೧೮೯೮ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿದ್ದಿತು. ಅಲ್ಲಿಯ ೧೦೫೮ರ ಶಾಸನವು ಅಧ್ಯಾಪಕರೊಡನೆ ಆರು ಮಂದಿ ಸರಸ್ವತೀ ಭಾಂಡಾರಿಗರಿಗೂ ವೃತ್ತಿಯನ್ನು ವಿಧಿಸುತ್ತದೆ. ಪುಸ್ತಕಗಳನ್ನು ಕಾಯುವುದಕ್ಕೆ ಆರು ಮಂದಿ ಬೇಕಾಗಿದ್ದರೆಂದ ಮೇಲೆ ಅವುಗಳನ್ನು ಬರೆಯುವವರು ಎಷ್ಟು ಮಂದಿ ಇದ್ದಿರಬೇಕು! ನಮ್ಮ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಬೇರೆಬೇರೆಯಾಗಿ ಬರುವುದುಂಟು. ಒಬ್ಬನು ಅಕ್ಷರದ ಆಕಾರವನ್ನು ತಿದ್ದಿ ಬರೆಯುವನು. ಇನ್ನೊಬ್ಬನು ಉಳಿಯಿಂದ ಅದನ್ನು ಸ್ಥಿರಪಡಿಸುವನು. ಅಚ್ಚಿನ ಮೊಳೆಯ ತಯಾರಿಕೆಯಲ್ಲಿಯೂ ನಡೆಯುವುದು ಇದೇ ಕಾರ್ಯವಿಭಾಗ. ಕಂಡರಿಸುವವನ ಉಳಿಗೆ ಎಂತಹ ಬರಹವು ಒಗ್ಗುತ್ತದೆಯೋ ಅಂತಹುದೇ ಬಾಳುತ್ತದೆ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲಕ್ಕೂ ಇದು ಬೇಕಾಗುತ್ತದೆ.

ಇನ್ನು ಓಡುಬರಹ. ‘ಮೋಡಿ’ ಎಂಬ ಶಬ್ದವನ್ನು ನಮ್ಮಲ್ಲಿ ಎರಡು ಅರ್ಥಗಳಲ್ಲಿ ಬಳಸುತ್ತಾರೆ. ಇವೆರಡನ್ನೂ ಬೆರಸಿದ್ದರಿಂದ ತೊಡಕುಗಳಾಗಿವೆ. ಒಂದು, ಮರಾಠಿಯನ್ನು ಬರೆಯುತ್ತಿದ್ದ ಮೋಡಿ ಎಂಬ ಲಿಪಿ. ದೇವಗಿರಿಯ ಯಾದವರ ಮಂತ್ರಿಯಾದ ಹೇಮಾದ್ರಿಯು ಇದನ್ನು ಬಳಕೆಗೆ ತಂದನೆಂದು ಐತಿಹ್ಯ. ಹಾಳೆಯ ಉದ್ದಕ್ಕೂ ಮೊದಲು ಒಂದು ಗೆರೆಯನ್ನೆಳೆದು ಅದರಿಂದ ಅಕ್ಷರಗಳನ್ನು ಇಳಿಬಿಡುತ್ತ, ಲೆಕ್ಕಣಿಕೆಯನ್ನು ಆದಷ್ಟು ಎತ್ತದೆ ಬರೆಯುವುದು ಇದರ ಕ್ರಮ. ಇಕಾರ ಉಕಾರಗಳಲ್ಲಿ ಹ್ರಸ್ವದೀರ್ಘಗಳ ಭೇದವನ್ನು ಇದು ಪಾಲಿಸುವುದಿಲ್ಲ. ಎರಡನೆಯ ಅರ್ಥದಲ್ಲಿ ಮೋಡಿಯೆಂದರೆ ಕನ್ನಡದ ಲಿಪಿಯನ್ನೇ ವೇಗವಾಗಿ ಬರೆದ ಶೈಲಿ. ಇದು ಬೇರೊಂದು ಲಿಪಿಯಲ್ಲ. ವರ್ಣಮಾಲೆಯು ನಾವು ಶಾಲೆಯಲ್ಲಿ ಕಲಿತುದೇ. ಆದರೆ ಒಂದಕ್ಷರದ ಕೊನೆ ಮುಂದಿನದರ ತಲೆಕಟ್ಟಾಗಿ ಹರಿಯುತ್ತದೆ, ಒತ್ತಕ್ಷರವು ಕೈಯೆತ್ತದೆ ಕೆಳಗಿಳಿದು ಮೇಲೇರುತ್ತದೆ, ಪದಗಳ ನಡುವೆ ತೆರಪಿಲ್ಲ, ವಿರಾಮದ ಚಿಹ್ನೆಗಳಿಲ್ಲ. ಅಭ್ಯಾಸವಿಲ್ಲದವರಿಗೆ ಇದು ಬಳ್ಳಿಯ ಚಿತ್ರದಂತೆ ಕಾಣುವುದಲ್ಲದೆ ಬರಹದಂತೆ ಕಾಣದು.

ಈ ಶೈಲಿಯು ಬೆಳೆದ ನೆಲೆ ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಕಲ್ಯಾಣದ ಚಾಳುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಹೆಸರು ಬರುವುದರಿಂದ ಕಡತದ ಬಳಕೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ತಾಳೆಯ ಗರಿಯ ಮೇಲೆ ಕಂಠದಿಂದ ಕೊರೆಯುವಾಗ ಗೆರೆಯನ್ನು ಗರಿಯ ನಾರಿನ ಜಾಡಿನಲ್ಲಿ ಉದ್ದಕ್ಕೆಳೆದರೆ ಗರಿ ಸೀಳುವುದು. ಆದಕಾರಣ ಅಲ್ಲಿ ಅಕ್ಷರವು ದುಂಡಾಗಿ, ಬಿಡಿಬಿಡಿಯಾಗಿ ನಿಂತಿತು. ಬಳಪಕ್ಕೆ ಆ ಭಯವಿಲ್ಲ. ಅದು ಮೃದುವಾದ ಮೈಮೇಲೆ ಜಾರಿ ಓಡುತ್ತದೆ. ಅಂತೂ ದುಂಡಕ್ಷರವು ಗ್ರಂಥದ್ದಾಯಿತು, ಓಡುಬರಹವು ವ್ಯವಹಾರದ್ದಾಯಿತು. ಒಂದರಲ್ಲಿ ಕವಿಗಳಿದ್ದಾರೆ, ಇನ್ನೊಂದರಲ್ಲಿ ಒಕ್ಕಲು, ಸಾಲ, ಸುಂಕ, ಊರಿನ ಗಡಿ, ಮಠದ ಉಂಬಳಿ, ಎಂದರೆ ಜನಜೀವನವೇ ಇದೆ.

ಪಾಶ್ಚಾತ್ಯರಲ್ಲಿ ನಡೆದುದನ್ನು ಹೋಲಿಕೆಗಾಗಿ ನೋಡಬಹುದು. ವೆನಿಸ್ ನಗರದ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನು ೧೫೦೧ರಲ್ಲಿ ವರ್ಜಿಲನ ಕಾವ್ಯಗಳನ್ನು ಓರೆಯಾದ ಹೊಸ ಅಕ್ಷರದಲ್ಲಿ ಅಚ್ಚಿಸಿದನು. ಫ್ರಾಂಚೆಸ್ಕೋ ಗ್ರಿಫೋ ಎಂಬವನು ಅದನ್ನು ಕೊರೆದಿದ್ದನು. ಅದು ಅಂದಿನ ಪಂಡಿತರ ಓಡುಬರಹದ ಅನುಕರಣ. ಇಂದು ಇಂಗ್ಲಿಷಿನಲ್ಲಿ ಇಟಾಲಿಕ್ ಎನಿಸಿಕೊಂಡಿರುವುದು ಇದರ ಸಂತತಿಯೇ. ೧೫೫೭ರಲ್ಲಿ ಲಿಯಾನ್ ನಗರದಲ್ಲಿ ರಾಬರ್ಟ್ ಗ್ರಾಂಜೋನನು ಫ್ರೆಂಚರ ಕೈಬರಹವನ್ನು ಅನುಸರಿಸಿ ಇನ್ನೊಂದು ಸೊಗಸಾದ ಅಕ್ಷರವನ್ನು ಕೊರೆದನು. ಮಕ್ಕಳಿಗೆ ಸಭ್ಯತೆಯನ್ನು ಕಲಿಸುವ ಪುಸ್ತಕಗಳಲ್ಲಿ ಬಳಸಿದ್ದರಿಂದ ಅದಕ್ಕೆ ಸಿವಿಲಿತೆ ಎಂದೇ ಹೆಸರಾಯಿತು. ಆದರೆ ಆ ಕೈಬರಹವೇ ಬಳಕೆ ತಪ್ಪಿದಾಗ ಅಚ್ಚೂ ಅದರ ಹಿಂದೆ ಹೋಯಿತು. ಮೊಳೆಯೆಂಬುದು ಬರಹಕ್ಕೆ ಅಮೃತವಲ್ಲ. ಹಾಗಿದ್ದರೂ ಸಿವಿಲಿತೆಯಲ್ಲಿ ಅಚ್ಚಾದ ಪುಟವನ್ನು ಇಟ್ಟುಕೊಂಡು ಆ ಕಾಲದ ಹಸ್ತಪ್ರತಿಯನ್ನು ಓದಲು ಕಲಿಯಬಹುದು. ನಮ್ಮ ಮೋಡಿಗೆ ಅಂತಹ ಪುಟವಿಲ್ಲ.

ಕನ್ನಡದಲ್ಲಿ ಹಾಗೇಕಾಯಿತು? ೧೮೧೭ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಅಚ್ಚಾದಾಗ ಮೊಳೆಗಳಿಗೆ ಮಾದರಿಯಾದುದು ದುಂಡಕ್ಷರವೇ. ಅದಕ್ಕೆ ಯಂತ್ರದ ದೃಷ್ಟಿಯಿಂದ ಬಲವಾದ ಕಾರಣವೂ ಉಂಟು. ದುಂಡಕ್ಷರವು ಒಂದೊಂದೂ ತನ್ನ ಚೌಕದಲ್ಲಿ ತಾನು ನಿಲ್ಲುತ್ತದೆ. ಸೀಸದ ಮೊಳೆಯೂ ಚೌಕವಾದುದರಿಂದ ಎರಡಕ್ಕೂ ಹೊಂದಿಕೆಯಾಯಿತು. ಕಾಗುಣಿತ ಒತ್ತಕ್ಷರಗಳಿಗಾಗಿ ನೂರಾರು ಮೊಳೆಗಳು ಬೇಕಾದುವು ನಿಜ. ಆದರೆ ಅವು ಎಣಿಕೆಗೆ ಸಿಕ್ಕುವಂತಹವು. ಓಡುಬರಹದಲ್ಲಾದರೋ ಒಂದೇ ಕಕಾರವು ಹಿಂದಿನ ಅಕ್ಷರ ಯಾವುದು, ಮುಂದಿನದು ಯಾವುದು ಎಂಬುದನ್ನು ನೋಡಿ ರೂಪವನ್ನು ಬದಲಿಸುತ್ತದೆ. ಅದಕ್ಕೆ ಮೊಳೆಯನ್ನೆರೆಯಹೊರಟವನು ಅಕ್ಷರಗಳನ್ನಲ್ಲ, ಅಕ್ಷರಗಳ ನಂಟುಗಳನ್ನು ಎರೆಯಬೇಕಾಗುತ್ತಿತ್ತು.

ಆದರೂ ನಡುವೆ ಒಂದು ಬಾಗಿಲು ತೆರೆದಿತ್ತು. ಅದೇ ಕಲ್ಲಚ್ಚು. ಹೆರ್ಮನ್ ಮೋಗ್ಲಿಂಗನು ೧೮೪೩ರ ಜುಲೈ ೧ರಂದು ಮಂಗಳೂರಿನಲ್ಲಿ ಹೊರಡಿಸಿದ ಮಂಗಳೂರ ಸಮಾಚಾರವು ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಎಲ್ಲ ಪಠ್ಯಗಳೂ ಹೇಳುತ್ತವೆ. ಅದು ಮೊಳೆಯಿಂದ ಅಚ್ಚಾದುದಲ್ಲ, ಕೈಯಿಂದ ಬರೆದು ಕಲ್ಲಚ್ಚಿನಲ್ಲಿ ತೆಗೆದುದು ಎಂಬುದಕ್ಕೆ ಅಷ್ಟು ಗಮನ ಸಂದಿಲ್ಲ. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರಿನಿಂದ ಮೊಳೆಯಚ್ಚಿಗೆ ಬಂದಿತು. ಕಾಸಮೇಜರನ ಧನಸಹಾಯದಿಂದ ಮೋಗ್ಲಿಂಗನು ೧೮೪೮ರಿಂದ ೧೮೫೩ರವರೆಗೆ ಪ್ರಕಟಿಸಿದ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯೂ ಕಲ್ಲಚ್ಚಿನದೇ. ನಮ್ಮ ಪ್ರಾಚೀನ ಕಾವ್ಯಗಳು ಮೊದಮೊದಲು ಜನರ ಕೈಸೇರಿದುದು ಲಿಪಿಕಾರನ ಕೈಬರಹದ ರೂಪದಲ್ಲಿಯೇ ಎಂದಾಯಿತು. ಆದರೆ ಇಲ್ಲಿಯೂ ಬರೆದುದು ಗ್ರಂಥದ ಕೈಯೇ ಹೊರತು ಕಡತದ ಕೈಯಲ್ಲ. ಕಲ್ಲಚ್ಚಿಗೆ ಓಡುಬರಹವನ್ನು ಹಾಗೆಯೇ ಎತ್ತಿಕೊಳ್ಳುವ ಶಕ್ತಿಯಿದ್ದರೂ ಯಾರೂ ಅದನ್ನು ಅದಕ್ಕೆ ಒಪ್ಪಿಸಲಿಲ್ಲ. ಪಾದ್ರಿಗಳಿಗೆ ಬೇಕಾಗಿದ್ದುದು ಶಾಲೆಯ ಮಕ್ಕಳು ಓದಬಲ್ಲ ಅಕ್ಷರ. ಪಂಡಿತರಿಗೆ ಬೇಕಾಗಿದ್ದುದು ಶುದ್ಧವಾದ ಪಾಠ. ಶಾನುಭೋಗನ ಬರಹಕ್ಕೆ ವಕೀಲರಿರಲಿಲ್ಲ.

ಅದೇ ಕಾಲದಲ್ಲಿ ಸೇಡಂ ಸೀಮೆಯು ನಿಜಾಮನ ಆಳಿಕೆಯಲ್ಲಿತ್ತು. ಅಲ್ಲಿ ಸರಕಾರದ ಭಾಷೆ ಮೊದಲು ಪಾರಸಿ, ೧೮೮೪ರಿಂದ ಉರ್ದು. ಇವೆರಡನ್ನೂ ಬರೆಯುವ ಕೈ ನಸ್ತಾಲೀಖು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿದ್ದ ತಬ್ರೀಜಿನ ಮೀರ್ ಅಲಿಯು ಇದಕ್ಕೆ ಕ್ರಮವನ್ನು ಕೊಟ್ಟನೆನ್ನುತ್ತಾರೆ. ಲೇಖನಿಯ ಮೊನೆ ಊರಿದ ಚುಕ್ಕೆಯನ್ನೇ ಮಾನವಾಗಿಟ್ಟು ಪ್ರತಿಯೊಂದು ಬಾಗನ್ನೂ ಅಳೆಯುವ ಶಾಸ್ತ್ರವಿದು. ಇದರಲ್ಲಿ ಪದವು ಸಾಲಿನ ಮೇಲೆ ಕೂರುವುದಿಲ್ಲ. ಬಲಗಡೆ ಮೇಲಿನಿಂದ ಹೊರಟು ಎಡಗಡೆಗೆ ಇಳಿಯುತ್ತ ಬರುತ್ತದೆ. ಅಕ್ಷರದ ರೂಪವು ನೆರೆಯ ಅಕ್ಷರವನ್ನು ನೋಡಿ ಬದಲಾಗುತ್ತದೆ, ಚುಕ್ಕೆಗಳು ಎಡೆ ಸಿಕ್ಕಿದಲ್ಲಿ ಕುಳಿತುಕೊಳ್ಳುತ್ತವೆ. ಚೌಕವಾದ ಸೀಸಕ್ಕೆ ಇದಕ್ಕಿಂತ ಹಗೆಯಾದ ಬರಹ ಇನ್ನೊಂದಿಲ್ಲ. ಚಾರ್ಲ್ಸ್ ವಿಲ್ಕಿನ್ಸನು ಕಲ್ಕತ್ತೆಯಲ್ಲಿ ಸಾಹಸಮಾಡಿ ಇದಕ್ಕೆ ಮೊಳೆಗಳನ್ನು ಕೊರೆದನು. ೧೭೮೧ರಲ್ಲಿ ಬಾಲ್ಫರನು ಪ್ರಕಟಿಸಿದ ಹರ್ಕರನನ ಪತ್ರಮಾದರಿಗಳ ಪುಸ್ತಕವು ಅವುಗಳಿಂದಲೇ ಅಚ್ಚಾಯಿತು. ಆದರೆ ಆ ದಾರಿ ಮುಂದುವರಿಯಲಿಲ್ಲ. ಅರಬ್ಬಿಯ ನಸ್ಖು ಎಂಬ ಬರಹಕ್ಕೆ ಮೊಳೆಗಳು ಸುಲಭವಾಗಿ ದೊರೆತರೂ ಉರ್ದು ಓದುವವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅವರು ಆಶ್ರಯಿಸಿದುದು ಕಲ್ಲಚ್ಚನ್ನು. ಕಾತಿಬನು ಜಿಡ್ಡಿನ ಶಾಯಿಯಿಂದ ಕಾಗದದ ಮೇಲೆ ಬರೆಯುವನು. ಬರೆದುದನ್ನು ಕಲ್ಲಿಗೆ ಇಳಿಸುವರು. ಕಲ್ಲನ್ನು ಒದ್ದೆಮಾಡಿ ಶಾಯಿಯನ್ನು ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಅದು ಹತ್ತುವುದು. ಮೊಳೆ ಎರೆಯದೆಯೇ ಕೈಬರಹವು ಸಾವಿರ ಪ್ರತಿಯಾಯಿತು. ೧೮೫೮ರಲ್ಲಿ ಲಕ್ನೋವಿನಲ್ಲಿ ಸ್ಥಾಪಿತವಾದ ನವಲ್ ಕಿಶೋರ್ ಮುದ್ರಣಾಲಯದ ಕೀರ್ತಿಯೆಲ್ಲ ಇದರ ಮೇಲೆಯೇ ನಿಂತಿತು. ಮದರಾಸಿನಲ್ಲಿ ೧೯೨೭ರಲ್ಲಿ ಹುಟ್ಟಿದ ಮುಸಲ್ಮಾನ್ ಎಂಬ ಉರ್ದು ದಿನಪತ್ರಿಕೆಯನ್ನು ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಕಾತಿಬರು ಕೈಯಿಂದಲೇ ಬರೆಯುತ್ತಿದ್ದರು. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದಿರಲಾರೆ. ಈ ಮುದ್ರಣವನ್ನು ಕಂಡುಹಿಡಿದ ಸೆನೆಫೆಲ್ಡರನು ಬಳಸಿದ ಬವೇರಿಯದ ಸೋಲ್ನ್‌ಹೋಫನ್ ಕಲ್ಲೂ ನಮ್ಮ ಶಹಾಬಾದದ ಹಾಸುಗಲ್ಲೂ ಎರಡೂ ನುಣುಪಾದ, ಪದರು ಪದರಾಗಿ ಏಳುವ ಸುಣ್ಣಕಲ್ಲುಗಳೇ. ಒಂದರ ಮೇಲೆ ಜಗತ್ತಿನ ಕಾವ್ಯಗಳು ಅಚ್ಚಾದುವು. ಇನ್ನೊಂದರ ಮೇಲೆ ದಕ್ಷಿಣ ದೇಶವೆಲ್ಲ ನಡೆದಾಡುತ್ತಿದೆ.

ನಸ್ತಾಲೀಖಿನಲ್ಲಿ ಬರೆದ ಕನ್ನಡ ಊರುಗಳ ಗತಿಯೇನಾಯಿತೆಂಬುದನ್ನು ಸಹ ನೋಡಬೇಕು. ಉರ್ದುವಿನ ‘ವಾವ್’ ಎಂಬ ಒಂದೇ ಅಕ್ಷರವು ಊ, ಓ, ಔ ಮೂರಕ್ಕೂ ನಿಲ್ಲುತ್ತದೆ; ಆದುದರಿಂದ ಕೋಡ್ಲಾ ಎಂದು ಬರೆದುದನ್ನು ಊರನ್ನರಿಯದ ಗುಮಾಸ್ತನು ಕೂಡ್ಲಾ ಎಂದೂ ಕೌಡ್ಲಾ ಎಂದೂ ಓದಬಹುದು. ಚಿಂಚೋಳಿಯ ಳಕಾರವು ಲಕಾರವಾಗದೆ ಗತಿಯಿಲ್ಲ. ಡಕಾರಕ್ಕೂ ಅದರ ಸಡಿಲ ಉಚ್ಚಾರಣೆಗೂ ರಕಾರಕ್ಕೂ ಇರುವ ಭೇದವು ಮೇಲಿನ ಒಂದು ಪುಟ್ಟ ಗುರುತಿನಿಂದಲೋ ಬಾಗಿನ ಅಳತೆಯಿಂದಲೋ ತಿಳಿಯಬೇಕಾದುದು. ಸೇಡಮಿನ ಹೆಸರು ರೈಲ್ವೆಯ ಕಾಗದಗಳಲ್ಲಿಯೂ ಇಂಗ್ಲಿಷ್ ಬರಹಗಳಲ್ಲಿಯೂ ಸೇರಂ ಎಂದು ಬಹುಕಾಲ ನಡೆದುದಕ್ಕೆ ಈ ಗುರುತೇ ಕಾರಣವೆಂದು ಊಹಿಸಲು ಅವಕಾಶವುಂಟು. ದಫ್ತರದ ವೇಗದಲ್ಲಿ ನಸ್ತಾಲೀಖು ಇನ್ನೂ ಮುರಿದು ಶಿಕಸ್ತಾ ಆಗುತ್ತದೆ. ಅದರಲ್ಲಿ ಚುಕ್ಕೆಗಳೂ ಬಿದ್ದುಹೋಗುತ್ತವೆ. ೧೯೪೮ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿದು, ೧೯೫೬ರ ನವೆಂಬರ್ ೧ರಂದು ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಇಂತಹ ದಾಖಲೆಗಳನ್ನು ಓದಬಲ್ಲವರ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಕಡಮೆಯಾಗುತ್ತ ಬಂದಿದೆ. ಪಹಣಿ, ತಹಸೀಲು, ದಫ್ತರ, ನಕಲು ಎಂಬ ಶಬ್ದಗಳು ನಾಲಗೆಯ ಮೇಲೆ ಉಳಿದುವು; ಅವನ್ನು ಬರೆದ ಕೈ ಉಳಿಯಲಿಲ್ಲ.

ಮರಾಠಿಯ ಮೋಡಿಯ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಸೆರಾಂಪುರದವರು ಅದಕ್ಕೆ ಮೊಳೆಯನ್ನು ಮಾಡಿಸಿದರು. ಕೇರಿಯ ೧೮೧೦ರ ಮರಾಠಿ ನಿಘಂಟಿನಲ್ಲಿ ಅದನ್ನು ಕಾಣಬಹುದು. ಆದರೆ ಕೂಡಿಕೊಂಡು ಓಡಬೇಕಾದ ಅಕ್ಷರಗಳನ್ನು ಬಿಡಿಸಿ ನಿಲ್ಲಿಸಿದ್ದರಿಂದ ಅದರ ಸೊಗಸು ಹೋಯಿತು, ದೇವನಾಗರಿಯ ಸ್ಪಷ್ಟತೆಯೂ ಬರಲಿಲ್ಲ. ಮುದ್ರಣಕ್ಕೆ ಬಾಳಬೋಧವೇ ಗೆದ್ದಿತು. ಮೋಡಿಯು ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಶಾಲೆ ಕಚೇರಿಗಳೆರಡರಿಂದಲೂ ತೆರಳಿತು.

ಹೀಗೆ ಮೂರು ಕೈಗಳಲ್ಲಿ ಒಂದಕ್ಕೆ ಕಲ್ಲಚ್ಚು ಆಸರೆಯಾಯಿತು, ಒಂದಕ್ಕೆ ಒಗ್ಗದ ಮೊಳೆ ಬಂದು ಹೋಯಿತು, ಕನ್ನಡದ ಓಡುಬರಹಕ್ಕೆ ಎರಡೂ ಇಲ್ಲವಾಯಿತು. ಆಸರೆಯಿದ್ದುದರ ಫಲ ೧೯೮೧ರಲ್ಲಿ ಕಂಡಿತು. ಕರಾಚಿಯ ಮಿರ್ಜಾ ಅಹಮದ್ ಜಮೀಲರು ಹತ್ತು ಸಾವಿರಕ್ಕೂ ಮಿಕ್ಕ ಸಂಯುಕ್ತ ರೂಪಗಳನ್ನು ಕೈಯಿಂದ ಬರೆದು, ಮಾನೋಟೈಪ್ ಸಂಸ್ಥೆಯವರ ಗಣಕಯಂತ್ರಕ್ಕೆ ಒಪ್ಪಿಸಿ, ನೂರಿ ನಸ್ತಾಲೀಖ್ ಎಂಬ ಅಚ್ಚಕ್ಷರವನ್ನು ಸಿದ್ಧಪಡಿಸಿದರು. ಆ ವರ್ಷವೇ ಲಾಹೋರಿನ ಜಂಗ್ ಪತ್ರಿಕೆಯು ಅದರಲ್ಲಿ ಹೊರಟಿತು. ಅಕ್ಷರಗಳನ್ನಲ್ಲ, ನಂಟುಗಳನ್ನು ಎರೆಯಬೇಕೆಂದು ಮೇಲೆ ಹೇಳಿದೆನಷ್ಟೆ; ಜಮೀಲರು ಮಾಡಿದುದು ಅದನ್ನೇ. ಬರೆದವನು ಮತ್ತು ಕಂಡರಿಸಿದವನು ಎಂಬ ಹಳೆಯ ಕಾರ್ಯವಿಭಾಗದಲ್ಲಿ ಕಂಡರಿಸುವವನ ಸ್ಥಾನಕ್ಕೆ ಗಣಕವು ಬಂದಿತು. ಅದರ ಉಳಿಗೆ ಚೌಕದ ಹಂಗಿಲ್ಲ. ಈಚೆಗೆ ಓಪನ್‌ಟೈಪ್ ಎಂಬ ಕ್ರಮವು ಬಂದ ಮೇಲೆ ಅಷ್ಟು ಸಾವಿರ ರೂಪಗಳೂ ಬೇಕಿಲ್ಲ: ಇಂತಹ ಅಕ್ಷರದ ಮುಂದೆ ಇಂತಹ ರೂಪ ಬರತಕ್ಕದ್ದೆಂದು ಸಂಧಿಸೂತ್ರಗಳಂತಹ ನಿಯಮಗಳನ್ನು ಅಚ್ಚಕ್ಷರದೊಳಗೇ ಬರೆದಿಡಬಹುದು. ವ್ಯಾಕರಣವನ್ನು ಓದಿದವರಿಗೆ ಇದು ಪರಕೀಯವೆನಿಸದು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮರಾಠಿಯ ಮೋಡಿಯು ಬೇರೆ ಲಿಪಿಯಾದುದರಿಂದ ಅದಕ್ಕೆ ಯೂನಿಕೋಡಿನಲ್ಲಿ ಪ್ರತ್ಯೇಕ ಸ್ಥಾನ ಬೇಕಾಯಿತು. ಅದು ೨೦೧೪ರಲ್ಲಿ ದೊರೆಯಿತು. ತುಳು-ತಿಗಳಾರಿಗೆ ೨೦೨೪ರಲ್ಲಿ ದೊರೆಯಿತು. ಕನ್ನಡದ ಮೋಡಿಗೆ ಇಂತಹ ಸ್ಥಾನವನ್ನು ಕೇಳಬೇಕಾದುದೇ ಇಲ್ಲ. ನಸ್ಖು ನಸ್ತಾಲೀಖುಗಳೆರಡೂ ಒಂದೇ ಅರಬ್ಬಿ ಸಂಕೇತಗಳ ಮೇಲೆ ನಿಂತಿರುವಂತೆ ದುಂಡಕ್ಷರವೂ ಮೋಡಿಯೂ ಒಂದೇ ಕನ್ನಡ ಸಂಕೇತಗಳ ಮೇಲೆ ನಿಲ್ಲಬಲ್ಲುವು. ಬೇಕಾಗಿರುವುದು ಅಚ್ಚಕ್ಷರ ಮಾತ್ರ. ಅದು ಸಿದ್ಧವಾದರೆ ಕಡತದ ಒಂದು ಪುಟವನ್ನು ಒಂದು ಪಕ್ಕದಲ್ಲಿ ಓಡುಬರಹದಲ್ಲಿಯೂ ಎದುರು ಪಕ್ಕದಲ್ಲಿ ದುಂಡಕ್ಷರದಲ್ಲಿಯೂ ಅಚ್ಚಿಸಿ, ಒಂದೇ ಪಾಠವನ್ನು ಎರಡು ಕೈಗಳಲ್ಲಿ ವಿದ್ಯಾರ್ಥಿಯ ಮುಂದಿಡಬಹುದು. ಓದುವ ಅಭ್ಯಾಸವನ್ನು ಹುಟ್ಟಿಸಲು ಇದಕ್ಕಿಂತ ನೇರವಾದ ಉಪಾಯವು ನನಗೆ ತೋರುವುದಿಲ್ಲ.

ಇದರ ಅಗತ್ಯವೆಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ೧೯೧೬ರಲ್ಲಿ ಮೈಸೂರು ಪ್ರಾಕ್ತನ ವಿಮರ್ಶೆಯ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿಯ ಮಠದ ದಫ್ತರವನ್ನು ನೋಡುವಾಗ ಟೀಪೂ ಸುಲ್ತಾನನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳು ದೊರೆತುವು. ೧೭೯೧ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸೂರೆಗೊಂಡ ವಿಷಯವೂ ಅದರ ಪುನರುದ್ಧಾರದ ಏರ್ಪಾಟೂ ಅವುಗಳಲ್ಲಿವೆ. ಆ ದೊರೆಯ ಚರಿತ್ರೆಯನ್ನು ಬರೆಯುವವರು ಯಾವ ಪಕ್ಷದವರಾದರೂ ಈ ಪತ್ರಗಳನ್ನು ದಾಟಿ ಹೋಗಲಾರರು. ನೂರಿಪ್ಪತ್ತೈದು ವರ್ಷ ಅವು ಅಲ್ಲಿಯೇ ಇದ್ದುವು. ಅಂದಿನ ಕಚೇರಿಯ ಕನ್ನಡವನ್ನು ಸರಾಗವಾಗಿ ಓದಬಲ್ಲ ವಿದ್ವಾಂಸರೊಬ್ಬರು ಕೈಹಾಕಿದುದರಿಂದ ಬೆಳಕಿಗೆ ಬಂದುವು. ಮಠಗಳಲ್ಲಿಯೂ ಹಳೆಯ ಮನೆತನಗಳಲ್ಲಿಯೂ ಕಟ್ಟಿಟ್ಟಿರುವ ಕಡತಗಳಿಗೆ ಮುಂದೆ ಹಾಗೆ ಕೈಹಾಕುವವರನ್ನು ಎಲ್ಲಿಂದ ತರುವುದು?

ಇನ್ನು ಇಂತಹ ಅಚ್ಚಕ್ಷರದ ಉಳಿದ ಉಪಯೋಗಗಳು. ಇಂಗ್ಲಿಷಿನಲ್ಲಿ ಒತ್ತಿ ಹೇಳಬೇಕಾದ ಮಾತಿಗೂ ಗ್ರಂಥಗಳ ಹೆಸರಿಗೂ ಇಟಾಲಿಕ್ ಬಳಸುವುದನ್ನು ಕಂಡು ನಾವೂ ನಮ್ಮ ದುಂಡಕ್ಷರವನ್ನು ಯಂತ್ರದಿಂದ ಬಲಕ್ಕೆ ವಾಲಿಸುತ್ತಿದ್ದೇವೆ. ಇದು ಇಟಾಲಿಕ್ ಅಲ್ಲ. ಗಾಳಿಗೆ ಬಾಗಿದ ದುಂಡಕ್ಷರವಷ್ಟೆ. ವಾಲಿದ ತಲೆಕಟ್ಟಿಗೂ ಕೆಳಗಿನ ಒತ್ತಕ್ಷರಕ್ಕೂ ಹೊಂದಿಕೆ ತಪ್ಪುವುದನ್ನು ಯಾವ ಅಧ್ಯಾಪಕನಾದರೂ ಪಠ್ಯಪುಸ್ತಕದಲ್ಲಿ ನೋಡಬಹುದು. ಆಲ್ಡಸನು ತನ್ನ ನಾಡಿನ ಓಡುಬರಹದಿಂದ ಓರೆಯಕ್ಷರವನ್ನು ತೆಗೆದಂತೆ ನಮ್ಮ ಓರೆಯಕ್ಷರವೂ ಕಡತದಿಂದಲೇ ಬರಬೇಕಾದುದು ನ್ಯಾಯ. ಲಗ್ನಪತ್ರಿಕೆ, ಬಿನ್ನವತ್ತಳೆ, ಗ್ರಂಥದ ಮುಖಪುಟ, ಪ್ರಶಸ್ತಿಪತ್ರ ಮೊದಲಾದುವಕ್ಕೆ ಈಗ ಬಾಲೂ ತಮ್ಮ ಮುಂತಾದ ಹೊಸ ದುಂಡಕ್ಷರಗಳಿವೆ. ಅವು ಶೀರ್ಷಿಕೆಗೆ ಒಪ್ಪುವಂತಹವೇ, ಆದರೆ ಓಡುವ ಜಾತಿಯವಲ್ಲ. ಕಲಬುರಗಿಯ ಕಡೆಯ ಉರ್ದು ಮನೆಗಳಲ್ಲಿ ಮದುವೆಯ ರುಕ್ಕಾ ಇಂದಿಗೂ ನಸ್ತಾಲೀಖಿನ ಇಳಿಜಾರಿನಲ್ಲಿಯೇ ಅಚ್ಚಾಗುತ್ತದೆ. ಪಕ್ಕದ ಕನ್ನಡ ಮನೆಯ ಕರೆಯೋಲೆಯು ಪಠ್ಯಪುಸ್ತಕದ ಅಕ್ಷರದಲ್ಲಿ ಬರುತ್ತದೆ.

ಕೆಲಸವನ್ನು ತೊಡಗುವವರಿಗೆ ಮೊದಲ ತೊಡಕು ಎದುರಾಗುವುದು ಒತ್ತಕ್ಷರದಲ್ಲಿ. ನಸ್ತಾಲೀಖು ಒಂದೇ ದಿಕ್ಕಿಗೆ ಇಳಿಯುತ್ತದೆ. ಕನ್ನಡದ ಓಡುಬರಹವು ಒತ್ತಿಗಾಗಿ ಇಳಿದು, ಸ್ವರಚಿಹ್ನೆಗಾಗಿ ಏರಿ, ಮತ್ತೆ ಸಾಲಿಗೆ ಬರುತ್ತದೆ. ಆದಕಾರಣ ಒಬ್ಬನೇ ಬರೆಹಗಾರನ, ಒಂದೇ ಕಾಲದ ಕಡತವನ್ನು ಆಧಾರವಾಗಿಟ್ಟುಕೊಂಡು, ಅದರಲ್ಲಿ ಬರುವ ಒತ್ತಕ್ಷರಗಳನ್ನೆಲ್ಲ ಹಿಂದುಮುಂದಿನ ಅಕ್ಷರಗಳ ಸಮೇತ ಪಟ್ಟಿಮಾಡುವುದರಿಂದ ಆರಂಭಿಸತಕ್ಕದ್ದು. ಹಲವು ಕೈಗಳನ್ನು ಬೆರಸಿದರೆ ಸೆರಾಂಪುರದ ಮೋಡಿ ಮೊಳೆಗಾದ ಗತಿಯೇ ಇದಕ್ಕೂ ಆದೀತು.